ಏಳನೇ ನಂಬರಿನ ಸದ್ದು

ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದ ಹನ್ನೊಂದು ಪಂಪುಗಳಲ್ಲಿ ಕೆಲವಾದರೂ ಪೂರ್ತಿಯಾಗಿ ತಮ್ಮ ಒಡೆಯರದ್ದಲ್ಲದಿರಬಹುದು ಎಂಬುದು ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ಅವರು ಎಂಟು ಗಂಟೆಗೇ ಬಂದು ಬೀಗ ತೆಗೆದು, ಹಳೆಯ ಬನಿಯನ್ನಿನ ಚೂರಿನಿಂದ ಒಂದೊಂದರ ಮೈಯನ್ನೂ ಒರೆಸುತ್ತ, ಹತ್ತು ಗಂಟೆಗೆ ಬರಲಿರುವ ರೈತರ ಮುಂದೆ ತಮ್ಮ ಮುಖ ಹೇಗಿರಬೇಕು ಎಂದು ಯೋಚಿಸುತ್ತಿದ್ದರು. ಒರೆಸಿದ್ದನ್ನೇ ಒರೆಸಿ ಏಳನೇ ನಂಬರಿನ ಫ್ಲೈವೀಲು ಚಕ್ರ ಕನ್ನಡಿಯಂತಾಗಿತ್ತು. ಅದರಲ್ಲಿ ಅವರ ಮೂಗು ಮಾತ್ರ ದೊಡ್ಡದಾಗಿ, ಉಳಿದದ್ದೆಲ್ಲ ಸಣ್ಣದಾಗಿ ಕಾಣುತ್ತಿತ್ತು. ಸುಳ್ಳು ಹೇಳಲು ಹೊರಟವನ ಮುಖ ಹೀಗಿರುತ್ತದೋ ಏನೋ ಎಂದು ಬಗ್ಗಿ ನೋಡಿದರು. ನಾಚಿಕೆಗಿಂತ ಮೊದಲು ಅವರಿಗೆ ಬಂದದ್ದು ಕುತೂಹಲ. ಇದು ಅವರ ಹುಟ್ಟುಗುಣ. ಮನೆಗೆ ಬೆಂಕಿ ಬಿದ್ದರೂ ಈ ಮನುಷ್ಯ ಮೊದಲು ಯಾವ ತೊಲೆ ಹತ್ತಿಕೊಂಡಿತು ಅಂತ ನೋಡ್ತಾ ನಿಂತಿರ್ತಾರೆ ಎಂದು ಅವರ ಹೆಂಡತಿ ನೆಂಟರ ಮುಂದೆ ಹೇಳಿ ನಗುವುದುಂಟು.

ಹೊಳೆ ಹೊಲಗಳಿಗೆ ನುಗ್ಗಿ, ಮೂರು ದಿನ ನಿಂತು, ಇಳಿದುಹೋಗಿ ತಿಂಗಳಾಗಿತ್ತು. ಹೊಳೆದಂಡೆಯ ಹನ್ನೊಂದು ಸಣ್ಣ ಹಿಡುವಳಿಗಳ ಹನ್ನೊಂದು ಡೀಸೆಲ್ ಪಂಪುಗಳೂ ಕೆಸರು ಕುಡಿದು ಕೂತಿದ್ದವು. ನೀರಿಳಿದ ಕೂಡಲೇ ಬಸ್ ಡ್ರೈವರುಗಳ ಸಂಘ, ಹೊಲಿಗೆಯವರ ಸಂಘ, ಮೇಷ್ಟ್ರು ಎಂಜಿನ್ ಪಾಠ ಮಾಡುವ ತರಬೇತಿ ಶಾಲೆ ಮತ್ತು ಆ ಹನ್ನೊಂದು ಮನೆಯವರು ಇದೇ ಶೆಡ್ಡಿನಲ್ಲಿ ಬೆಂಚು ಎಳೆದುಕೊಂಡು ಕೂತು ಒಂದು ಒಪ್ಪಂದಕ್ಕೆ ಬಂದರು. ರೈತರೇ ಎರಡು ಷರತ್ತು ಹಾಕಿದರು. ಒಂದು, ಯಾರೂ ಯಾರಿಗೂ ಕೊಟ್ಟೆವು ಅನ್ನಬಾರದು, ಎಲ್ಲರೂ ಸೇರಿ ಕೆಲಸ ಮಾಡುವುದು ಅಷ್ಟೆ. ಇನ್ನೊಂದು, ಹನ್ನೊಂದು ಪಂಪುಗಳೂ ಒಂದೇ ದಿನ ಹೊಲಕ್ಕೆ ಹೋಗಬೇಕು, ಏಕೆಂದರೆ ಮೊದಲು ನೀರು ಕಂಡವರ ಮೇಲೆ ಉಳಿದ ಹತ್ತು ಮನೆಯ ಕಣ್ಣು ಬೀಳುತ್ತದೆ. ಅದರಂತೆ ಡ್ರೈವರುಗಳು ತಮ್ಮ ರಜೆಯ ದಿನ ಪಂಪುಗಳನ್ನು ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ಬಂದರು. ಹೊಲಿಗೆಯವರು ಒಡೆದ ಕಾಲುವೆ ದಂಡೆಗೆ ಮರಳುಚೀಲ ಹೊಲಿದರು. ರೈತರು ಆ ಚೀಲಗಳನ್ನು ತುಂಬಿ ಜೋಡಿಸಿದರು, ಹೂಳೆತ್ತಿದರು, ಎತ್ತರದ ಜಾಗದಲ್ಲಿ ಒಂದೇ ಮಡಿ ಮಾಡಿ ಹನ್ನೊಂದು ಮನೆಗೂ ಸಸಿ ಬೆಳೆಸಿದರು. ಮೇಷ್ಟ್ರ ಪಾಲಿಗೆ ಎಂಜಿನ್ನುಗಳು ಬಂದವು. ಇಪ್ಪತ್ತೆರಡು ವರ್ಷ ಅವರು ಮಕ್ಕಳಿಗೆ ತೋರಿಸುತ್ತ ಬಂದದ್ದು ಅರ್ಧಕ್ಕೆ ಸೀಳಿ ಬಣ್ಣ ಬಳಿದ ಒಂದು ಎಂಜಿನ್ನನ್ನು. ಅದು ಎಂದೂ ಓಡುವಂಥದ್ದಲ್ಲ, ಯಾರೂ ಅದಕ್ಕಾಗಿ ಕಾಯುತ್ತಿರಲಿಲ್ಲ. ಈ ಹನ್ನೊಂದಕ್ಕೆ ಜನ ಕಾಯುತ್ತಿದ್ದರು. ಮಕ್ಕಳಿಗೆ ರಜೆಯಿದ್ದ ಖಾಲಿ ಶೆಡ್ಡಿನಲ್ಲಿ ಸ್ಪ್ಯಾನರು ಹಿಡಿದು ನಿಂತ ಮೊದಲ ದಿನ ಮೇಷ್ಟ್ರು ಶಿಳ್ಳೆ ಹಾಕಿದರು. ತಮಗೆ ಶಿಳ್ಳೆ ಬರುತ್ತದೆಂಬುದೇ ಅವರಿಗೆ ಮರೆತುಹೋಗಿತ್ತು.

ಆ ಶಿಳ್ಳೆಯ ಉಮೇದಿನಲ್ಲೇ ಎಡವಟ್ಟಾಯಿತು. ಬಿಚ್ಚಿದ ಪ್ರತಿ ಭಾಗಕ್ಕೂ ನಂಬರಿನ ಚೀಟಿ ಕಟ್ಟಬೇಕು ಎಂಬುದು ಪ್ರತಿ ವರ್ಷ ಅವರು ಬೋರ್ಡಿನ ಮೇಲೆ ಬರೆಯುವ ಮೊದಲ ಸಾಲು. ಚೀಟಿ ಬರೆಯಲು ಬಂದವರು ಟೈಲರಮ್ಮ, ಸದಾ ಕುತ್ತಿಗೆಯಲ್ಲಿ ಅಳತೆ ಟೇಪು ಇರುವ, ಮಾತು ಕಡಿಮೆಯ ಹೆಂಗಸು. ಬಿಳಿಯ ಲೈನಿಂಗ್ ಬಟ್ಟೆಯನ್ನು ಬೆರಳುದ್ದಕ್ಕೆ ಕತ್ತರಿಸಿಟ್ಟುಕೊಂಡು, "ಮೇಷ್ಟ್ರೇ, ನಂಬರನ್ನ ದಾರದಲ್ಲೇ ಹೊಲಿದುಬಿಡ್ಲಾ? ಸ್ವಲ್ಪ ಹೊತ್ತು ಹಿಡಿಯುತ್ತೆ, ಆದ್ರೆ ಗಟ್ಟಿ" ಎಂದು ಕೇಳಿದ್ದರು. ಮೇಷ್ಟ್ರು ನಕ್ಕಿದ್ದರು. "ಏನಮ್ಮಾ, ಕಬ್ಬಿಣಕ್ಕೆ ಕಸೂತಿ ಹಾಕ್ತೀರಾ? ಪೆನ್ನಲ್ಲಿ ಗೀಚಿ, ಸಾಕು." ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಆ ನಗು ಅವರೊಬ್ಬರದ್ದೇ ಆಗಿ ಗೋಡೆಗೆ ಬಡಿದು ವಾಪಸು ಬಂತು. ಟೈಲರಮ್ಮ ಮುಖ ಕೆಳಗೆ ಹಾಕಿ ಮುನ್ನೂರಕ್ಕೂ ಮೇಲೆ ಚೀಟಿಗಳನ್ನು ಬಾಲ್ ಪೆನ್ನಿನಲ್ಲಿ ಮುತ್ತು ಪೋಣಿಸಿದಂತೆ ಬರೆದು, ಒಂದೊಂದಕ್ಕೂ ತಂತಿ ಸುತ್ತಿ ಹೋದರು. ಮೇಷ್ಟ್ರು ಕೆಸರು ಬಿಡಲೆಂದು ಎಲ್ಲವನ್ನೂ ಚೀಟಿಯ ಸಮೇತ ಒಂದೇ ಡ್ರಮ್ಮಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಮಾರನೆಯ ದಿನ ಬಂದು ನೋಡಿದರೆ ಚೀಟಿಗಳೆಲ್ಲ ಬಿಳಿಚಿಕೊಂಡು ಕೂತಿದ್ದವು. ಬಾಲ್ ಪೆನ್ನಿನ ಶಾಯಿ ಸೀಮೆಎಣ್ಣೆಗೆ ನಿಲ್ಲದು. ತಮ್ಮ ಅಂಗಿ ಜೇಬಿನ ಕಲೆಯನ್ನು ಅವರು ತೆಗೆಯುವುದೇ ಸೀಮೆಎಣ್ಣೆಯಿಂದ. ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವರು ಎಷ್ಟು ಹೊತ್ತು ಕಳೆದರೋ ಗೊತ್ತಿಲ್ಲ. ತಳದಲ್ಲಿ ಹನ್ನೊಂದು ಮನೆಗಳ ಕಬ್ಬಿಣ ಒಂದರ ಮೇಲೊಂದು ಬಿದ್ದಿತ್ತು.

ಮುಂದಿನ ಆರು ದಿನ ಅವರು ಬದುಕಿದ್ದು ಸವೆತ ಅಳೆಯುವ ಮೈಕ್ರೋಮೀಟರಿನ ಎರಡು ದವಡೆಗಳ ನಡುವೆ. ಪಿಸ್ಟನ್ನು ಯಾವ ಸಿಲಿಂಡರಿನ ಲೈನರಿನೊಳಗೆ ಸವೆದಿದೆ, ಯಾವ ವಾಲ್ವು ಯಾವ ಕುಳಿಗೆ ಉಜ್ಜಿಕೊಂಡಿದೆ ಎಂದು ಗೀರುಗಳನ್ನು ಭೂತಕನ್ನಡಿಯಲ್ಲಿ ಓದಿದರು. ಬಹುಪಾಲು ಹೊಂದಿಕೆಯಾಯಿತು. ಕಗ್ಗಂಟಾಗಿ ಉಳಿದದ್ದು ಡೀಸೆಲನ್ನು ಒತ್ತಿಕೊಡುವ, ಬೆರಳು ಗಾತ್ರದ ಉಕ್ಕಿನ ಕಡ್ಡಿ ಮತ್ತು ಅದು ಕೂರುವ ಕೊಳವೆ. ಆ ಎರಡನ್ನೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದರ ಕಡ್ಡಿ ಇನ್ನೊಂದರ ಕೊಳವೆಗೆ ಹೋಗುತ್ತದೆ, ಎಂಜಿನ್ನು ಓಡುತ್ತದೆ ಕೂಡ, ಆದರೆ ಎಷ್ಟು ದಿನ ಎಂಬುದನ್ನು ಯಾರೂ ಹೇಳಲಾರರು. ಎಂಟು ಜೋಡಿ ಖಚಿತವಾಗಿ ಸಿಕ್ಕವು. ಎರಡು, ಏಳು, ಒಂಬತ್ತನೇ ನಂಬರಿನ ಮೂರು ಜೋಡಿಗಳನ್ನು ಅವರು ಅಂದಾಜಿನ ಮೇಲೆ ಸೇರಿಸಿದರು. ಸಸಿಗಳ ವಯಸ್ಸು ಮೀರುತ್ತಿತ್ತು, ಇನ್ನೊಂದು ವಾರದಲ್ಲಿ ನಾಟಿಯಾಗದಿದ್ದರೆ ಮಡಿಯಲ್ಲೇ ಹಳದಿಯಾಗಿ ಹೋಗುತ್ತವೆ. ನಾಟಿಯ ನಡುವೆ ಪಂಪು ನಿಂತುಹೋದರೆ ಆ ಮನೆಗೆ ಈ ಬೆಳೆ ಇಲ್ಲ. ಇದೆಲ್ಲ ಗೊತ್ತಿದ್ದೂ ಆ ಆರು ದಿನಗಳಲ್ಲಿ ತಾವು ಒಳಗೊಳಗೇ ಖುಷಿಯಾಗಿದ್ದುದು ಮೇಷ್ಟ್ರಿಗೆ ಅಸಹ್ಯವೆನಿಸುತ್ತಿತ್ತು. ಚಿಕ್ಕವರಿದ್ದಾಗ ಮನೆಯ ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಿ, ಒಂದು ಸ್ಕ್ರೂ ಮಿಕ್ಕಿತ್ತು. ರೇಡಿಯೋ ಕೆಟ್ಟಿದ್ದಕ್ಕೆ ಅಪ್ಪ ಬೈದದ್ದು ಅಕ್ಕನನ್ನು, ಏಕೆಂದರೆ ಅದನ್ನು ಹೆಚ್ಚು ಕೇಳುತ್ತಿದ್ದವಳು ಅವಳು. ಅಕ್ಕ ಬಾಗಿಲ ಹಿಂದೆ ಅಳುತ್ತಿದ್ದಾಗ ಇವರು ಅಂಗಳದಲ್ಲಿ ಕೂತು ಆ ಸ್ಕ್ರೂ ಎಲ್ಲಿಯದಿರಬಹುದು ಎಂದು ಯೋಚಿಸುತ್ತಿದ್ದರು. ಅಕ್ಕನ ಅಳು ಅವರಿಗೆ ನೆನಪಿಲ್ಲ, ಸ್ಕ್ರೂವಿನ ಅಳತೆ ಇವತ್ತಿಗೂ ನೆನಪಿದೆ. ಮೂರನೆಯ ದಿನ ಟೈಲರಮ್ಮ ಚಹಾದ ಫ್ಲಾಸ್ಕು ಹಿಡಿದು ಬಂದು, "ಚೀಟಿಗಳಿಂದ ಅನುಕೂಲ ಆಯ್ತಾ ಮೇಷ್ಟ್ರೇ?" ಎಂದು ಕೇಳಿದಾಗ ಅವರು ತಲೆಯೆತ್ತದೆ, "ಬಹಳ" ಎಂದಿದ್ದರು.

ಹತ್ತಕ್ಕೆ ಸರಿಯಾಗಿ ಬಸ್ಸು ಶಾಲೆಯ ಅಂಗಳಕ್ಕೆ ಬಂತು. ಸಂಘದ ಹಿರಿಯ ಡ್ರೈವರಣ್ಣ, ಎಲ್ಲಿ ನಾಲ್ಕು ಜನ ಸೇರಿದರೂ ಮೈಕು ಇದ್ದಂತೆ ಮಾತಾಡುವವರು, ಬಾಗಿಲಲ್ಲೇ ನಿಂತು ಒಬ್ಬೊಬ್ಬ ರೈತರನ್ನೂ, ಕೊನೆಗೆ ಟೈಲರಮ್ಮನನ್ನೂ ಕೈಹಿಡಿದು ಇಳಿಸಿದರು. ರೈತರು ಪಂಪುಗಳ ಮುಂದೆ ಬಂದು ಯಾಕೋ ಸಂಕೋಚದಿಂದ ನಿಂತರು, ಆಸ್ಪತ್ರೆಯಿಂದ ನೆಂಟರನ್ನು ಕರೆದೊಯ್ಯಲು ಬಂದವರ ಹಾಗೆ. ಮೇಷ್ಟ್ರು ಒಂದೊಂದಾಗಿ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಿ ತೋರಿಸಿದರು. ಒಂದು ಓಡಿತು, ಎರಡು ಓಡಿತು. ಆರರವರೆಗೂ ಚಪ್ಪಾಳೆ. ಏಳನೆಯದೂ ಓಡಿತು. ಅದರ ಒಡತಿ ಐವತ್ತರ ಆಸುಪಾಸಿನ ಹೆಂಗಸು, ಒಬ್ಬಂಟಿಯಾಗಿ ಸಾಗುವಳಿ ಮಾಡುವವರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ ನಿಂತೇ ಇದ್ದರು. ಎಂಜಿನ್ನು ನಿಲ್ಲಿಸಿದ ಮೇಲೆ ಮೆಲ್ಲಗೆ, "ಮೇಷ್ಟ್ರೇ, ಇದು ನಂದಲ್ಲ" ಎಂದರು.

ಮೇಷ್ಟ್ರ ಕೈ ಹ್ಯಾಂಡಲಿನ ಮೇಲೇ ನಿಂತಿತು. ಆದರೆ ಬಾಯಿ ಪಾಠಕ್ಕೆ ಪಳಗಿದ್ದು, ಅದು ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. "ನೋಡಿಯಮ್ಮಾ, ಕೆಸರು ಕುಡಿದ ಎಂಜಿನ್ ಇದು. ಲೈನರ್ ಹೋನಿಂಗ್ ಮಾಡಿದೀವಿ, ರಿಂಗ್ ಹೊಸದು, ಟ್ಯಾಪೆಟ್ ಕ್ಲಿಯರೆನ್ಸ್ ಬೇರೆ. ಸದ್ದು ಬದಲಾಗ್ಲೇಬೇಕು. ಅದು ವಿಜ್ಞಾನ." ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆ ಹೆಂಗಸು ಮೇಷ್ಟ್ರ ಮುಖವನ್ನು ನೋಡಿ, ಪಂಪನ್ನು ನೋಡಿ, ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇರಬಹುದು. ನೀವು ಕಲಿತೋರು" ಎಂದು ಒಂದು ಹೆಜ್ಜೆ ಹಿಂದೆ ಸರಿದರು. ಆ ಒಂದು ಹೆಜ್ಜೆ ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಆದರೆ ಮಾತು ಆಗಲೇ ಹೊರಬಿದ್ದಿತ್ತು. ಎರಡನೇ ನಂಬರಿನವನು, ಮಲಗುವಾಗಲೂ ತೆಗೆಯನೆಂದು ಊರೆಲ್ಲ ಹೇಳುವ ಉಣ್ಣೆ ಟೋಪಿಯ ಮನುಷ್ಯ, ತಲೆ ಕೆರೆದುಕೊಳ್ಳಲು ಟೋಪಿಯೊಳಗೇ ಬೆರಳು ತೂರಿಸಿ, "ನಂಗೂ ಅನ್ನಿಸ್ತು. ಆದ್ರೆ ಚಪ್ಪಾಳೆ ತಟ್ಟಿಬಿಟ್ಟಿದ್ದೆ, ಆಮೇಲೆ ಹೇಗೆ ಹೇಳೋದು ಅಂತ ಸುಮ್ನಿದ್ದೆ" ಎಂದ. ಒಂಬತ್ತನೆಯದು ಅಣ್ಣತಮ್ಮಂದಿರಿಬ್ಬರದ್ದು. ಅಣ್ಣ ಇದು ನಮ್ಮದೇ ಎಂದ, ಆದ್ದರಿಂದ ತಮ್ಮ ಅಲ್ಲವೇ ಅಲ್ಲ ಎಂದ. ಎಲ್ಲರೂ ನಕ್ಕರು. ನಗುತ್ತಲೇ ಅವರು ಒಂದು ಪಂಪಿನಿಂದ ಇನ್ನೊಂದಕ್ಕೆ ಹೋಗಿ, ಹ್ಯಾಂಡಲನ್ನು ಸ್ಟಾರ್ಟ್ ಆಗದಷ್ಟು ನಿಧಾನವಾಗಿ ತಿರುಗಿಸಿ, ಕಿವಿಗೊಟ್ಟು ಕೇಳತೊಡಗಿದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಅವರೂ ಹಿಂದೆ ಹಿಂದೆ ಹೋದರು. ಏಳನೇ ನಂಬರಿನಾಕೆ ತಮ್ಮ ಪಂಪಿನ ಹ್ಯಾಂಡಲನ್ನು ಅರ್ಧ ಸುತ್ತು ತಿರುಗಿಸಿ ಟೋಪಿಯವನಿಗೆ ಹೇಳುತ್ತಿದ್ದರು: "ನಂದು ಹೀಗೆ ತಿರುಗಿಸಿದ್ರೆ ಕ್ರಿಕ್ ಅಂತ ಒಂದೇ ಸಲ ಅನ್ನುತ್ತೆ. ಕಡ್ಡಿ ಮುರಿದ ಹಾಗೆ. ಇದು ಎಳೀತಿದೆ ನೋಡು, ಕ್ರೀ ಅಂತ, ಬಾಗಿಲು ತೆಗೆದ ಹಾಗೆ." ಮೇಷ್ಟ್ರು ಇನ್ನೂ ಹತ್ತಿರಕ್ಕೆ ಬಗ್ಗಿದರು. ಆ ಸದ್ದು ಹುಟ್ಟುವುದು ಡೀಸೆಲಿನ ಒತ್ತಡದಿಂದ, ಒತ್ತಡ ಹುಟ್ಟುವುದು ಆ ಉಕ್ಕಿನ ಕಡ್ಡಿ ಮತ್ತು ಕೊಳವೆಯ ನಡುವೆ. ಆರು ದಿನ ಭೂತಕನ್ನಡಿಯಲ್ಲಿ ತಮಗೆ ಕಾಣದ್ದನ್ನು ಈ ಹೆಂಗಸು ಅರ್ಧ ಸುತ್ತಿನಲ್ಲಿ ಬೆರಳಿಟ್ಟು ತೋರಿಸುತ್ತಿದ್ದಾರೆ!

"ಇನ್ನೊಂದ್ಸಲ ಹೇಳಿ, ನಿಮ್ಮದು ಹೇಗೆ ಅನ್ನುತ್ತೆ?" ಎಂದು ಅವರ ಬಾಯಿಂದ ಬಂದುಬಿಟ್ಟಿತು.

ಆಕೆ ತಿರುಗಿದರು. "ಯಾಕೆ ಮೇಷ್ಟ್ರೇ? ಸದ್ದು ಬದಲಾಗ್ಲೇಬೇಕು ಅಂದ್ರಲ್ಲ."

ಈಗ ಕೇಳದೇ ಇದ್ದರೆ ಆ ಮೂರು ಜೋಡಿಗಳು ಯಾವುವೆಂದು ಎಂದೆಂದಿಗೂ ತಿಳಿಯುವುದಿಲ್ಲ, ಕೇಳಬೇಕಾದರೆ ನಡೆದದ್ದನ್ನು ಹೇಳಬೇಕು. ಮೇಷ್ಟ್ರು ಹೇಳಿದರು. ಧೈರ್ಯದಿಂದಲ್ಲ, ತಿಳಿಯದೆ ಇರಲಾರದ ಚಟಕ್ಕೆ ಹೇಳಿದರು. ಅದೂ ಹೇಗೆ ಹೇಳಿದರೆಂದರೆ, ಪರೀಕ್ಷಾ ವರದಿ ಓದುವವರ ಹಾಗೆ: "ಭಾಗಗಳು ಅದಲುಬದಲಾಗಿವೆ. ಚೀಟಿಯಲ್ಲಿ ಪೆನ್ನಿನಿಂದ ಬರೆದಿತ್ತು. ಸೀಮೆಎಣ್ಣೆಯಲ್ಲಿ ಶಾಯಿ ಅಳಿಸಿಹೋಯ್ತು." ಹೇಳಿ ಮುಗಿಸುವಷ್ಟರಲ್ಲಿ ಎಲ್ಲರ ತಲೆಗಳೂ ಒಟ್ಟಿಗೆ ಬಾಗಿಲ ಬಳಿ ನಿಂತಿದ್ದ ಟೈಲರಮ್ಮನ ಕಡೆಗೆ ತಿರುಗಿದವು. ಆಗ ಮೇಷ್ಟ್ರಿಗೆ ಹೊಳೆಯಿತು. ಬರೆದಿತ್ತು, ಅಳಿಸಿಹೋಯ್ತು. ಅವರ ಮಾತಿನಲ್ಲಿ ಅವರೇ ಇರಲಿಲ್ಲ. ಪೆನ್ನು ಹಿಡಿದ ಒಂದು ಕೈ ಮಾತ್ರ ಇತ್ತು, ಅದು ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು. ಡ್ರೈವರಣ್ಣ ಧಾರಾಳವಾಗಿ ಕೈಯಾಡಿಸಿ, "ಹೋಗ್ಲಿ ಬಿಡಿ, ಬಟ್ಟೆ ಹೊಲಿಯೋರಿಗೆ ಶಾಯಿ ಬಗ್ಗೆ ಏನು ಗೊತ್ತಾಗಬೇಕು ಪಾಪ" ಎಂದರು. ಟೈಲರಮ್ಮ ಅಳತೆ ಟೇಪಿನ ಎರಡು ತುದಿಗಳನ್ನೂ ಒಂದೇ ಸಮ ಮಾಡಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಈಗ, ಈ ಕ್ಷಣ, ಪೆನ್ನಲ್ಲಿ ಗೀಚಿ ಅಂದದ್ದು ನಾನೇ ಎಂಬ ಒಂದು ಮಾತು ಸಾಕಿತ್ತು. ಮೇಷ್ಟ್ರು ಉಸಿರು ಎಳೆದುಕೊಂಡರು. ಅಷ್ಟರಲ್ಲಿ ಟೋಪಿಯವನು, "ಹಾಗಿದ್ರೆ ಯಾವ್ಯಾವುದು ಬಿಚ್ಚಬೇಕು?" ಎಂದು ಕೇಳಿದ. ಎಳೆದ ಉಸಿರು ಆ ಪ್ರಶ್ನೆಗೆ ಉತ್ತರವಾಗಿ ಖರ್ಚಾಯಿತು.

ಡ್ರೈವರಣ್ಣ ಮಾತ್ರ ಸಂದರ್ಭ ಬಿಡಲಿಲ್ಲ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ನಿಮ್ಮ ಕಬ್ಬಿಣ ಅವರಲ್ಲಿ, ಅವರ ಕಬ್ಬಿಣ ನಿಮ್ಮಲ್ಲಿ. ಹನ್ನೊಂದು ಮನೆ ಒಂದೇ ಮನೆ ಆದ ಹಾಗೆ" ಎಂದು ಕಂಠವೆತ್ತಿದರು. ಏಳನೇ ನಂಬರಿನಾಕೆ, "ಅಣ್ಣಾ, ಭಾಷಣ ಬೇಡ. ನನಗೆ ನನ್ನದು ಬೇಕು" ಎಂದರು. ಅಷ್ಟು ಸರಿಯಾದ ಮಾತನ್ನು ಆ ತಿಂಗಳಲ್ಲಿ ಯಾರೂ ಆಡಿರಲಿಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು.

ಮೂರು ಕಡ್ಡಿ, ಮೂರು ಕೊಳವೆ. ಕೊಳವೆಗಳು ಇದ್ದಲ್ಲೇ ಇರಲಿ ಎಂದು ಬಿಟ್ಟು, ಕಡ್ಡಿಗಳನ್ನು ಮಾತ್ರ ಒಂದಾದ ಮೇಲೊಂದು ಬದಲಿಸುತ್ತ ಹೋದರು. ಸೇರಿಸುವುದು, ಡೀಸೆಲ್ ನಳಿಕೆಯ ಗಾಳಿ ತೆಗೆಯುವುದು, ಅರ್ಧ ಸುತ್ತು, ಕೇಳುವುದು. ಏಳನೇ ನಂಬರಿನಾಕೆ ಕಣ್ಣು ಮುಚ್ಚಿ ಕೂತಿದ್ದರು. "ಇದಲ್ಲ." ಮತ್ತೆ ಬಿಚ್ಚುವುದು. "ಹತ್ತಿರ ಬಂತು, ಇದಲ್ಲ." ಮೇಷ್ಟ್ರು ಕೂಡ ಕಣ್ಣು ಮುಚ್ಚಿ ಕೇಳಲು ಕಲಿತರು. ಮೊದಮೊದಲು ಎಲ್ಲವೂ ಒಂದೇ ಥರ, ಆಮೇಲೆ ಒಂದು ಕೂದಲೆಳೆಯ ವ್ಯತ್ಯಾಸ, ಆಮೇಲೆ ಅದು ಇಷ್ಟು ದಿನ ಕೇಳಿಸದೇ ಇದ್ದದ್ದಾದರೂ ಹೇಗೆ ಎಂಬಷ್ಟು ಸ್ಪಷ್ಟ. ಮೂರನೆಯ ಕಡ್ಡಿಗೆ ಸಣ್ಣದಾಗಿ, ಒಂದೇ ಸಲ, ಕ್ರಿಕ್ ಎಂದಿತು. ಆಕೆ ಕಣ್ಣು ತೆರೆಯುವ ಮೊದಲೇ ಮೇಷ್ಟ್ರು "ಇದು!" ಎಂದು ಕೂಗಿಬಿಟ್ಟರು. ಉಳಿದೆರಡು ಕಡ್ಡಿಗಳು ಟೋಪಿಯವನಿಗೂ ಅಣ್ಣತಮ್ಮಂದಿರಿಗೂ ಹಂಚಿಹೋದವು. ಒಂಬತ್ತನೆಯದರ ಸದ್ದು ಕೇಳಿ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಹೌದು ಎಂದು, ಒಟ್ಟಿಗೆ ಹೇಳಿದ್ದಕ್ಕೆ ಮುಜುಗರಪಟ್ಟುಕೊಂಡರು. ಎಲ್ಲರೂ ಮೇಷ್ಟ್ರ ಬೆನ್ನು ತಟ್ಟಿದರು. ಹೊಗಳಿಕೆ ಸಿಹಿಯಾಗಿತ್ತು. ಅದರ ನಡುವೆಯೇ ಅವರ ಕಣ್ಣು ಟೈಲರಮ್ಮನನ್ನು ಹುಡುಕಿತು. ಅವರು ಬಸ್ಸಿನೊಳಗೆ ಹೋಗಿ, ಕಿಟಕಿಯ ಆಚೆ ಬದಿಗೆ ಮುಖ ಮಾಡಿ ಕೂತಿದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತು ಪಂಪುಗಳು ಬಸ್ಸಿನ ಟಾಪೇರಿ ಹೊಲಗಳಿಗೆ ಮರಳಿ, ತಮ್ಮ ತಮ್ಮ ಜಾಗದಲ್ಲಿ ಕೂತು ನೀರೆತ್ತುತ್ತಿದ್ದವು. ಏಳನೇ ನಂಬರಿನ ಹೊಲ ಎಲ್ಲಕ್ಕಿಂತ ಕೆಳಗೆ, ಕಾಲುವೆ ಒಡೆದ ಜಾಗದ ಪಕ್ಕದಲ್ಲಿತ್ತು. ಹೂಳು ಒಣಗಿ ಬಿರುಕುಬಿಟ್ಟು, ಮೇಲೆ ನಡೆದರೆ ಹೆಂಚಿನ ಚೂರುಗಳ ಮೇಲೆ ನಡೆದಂತೆ ಸದ್ದಾಗುತ್ತಿತ್ತು. ದಂಡೆಯ ಉದ್ದಕ್ಕೂ ಹೊಲಿಗೆಯವರ ಮರಳುಚೀಲಗಳು. ಟೈಲರಮ್ಮ ಒಬ್ಬರೇ ಬಗ್ಗಿ ಒಂದೊಂದು ಚೀಲದ ಹೊಲಿಗೆಯನ್ನೂ ಬೆರಳಿನಿಂದ ತಡವಿ ನೋಡುತ್ತಿದ್ದರು, ಇದರಲ್ಲೂ ಏನಾದರೂ ತಪ್ಪಿದೆಯೋ ಎಂಬಂತೆ. ಮೇಷ್ಟ್ರು ಪಂಪಿನ ಬಾಯಿಗೆ ನೀರು ತುಂಬುತ್ತಿದ್ದಾಗ ಹೊಲದೊಡತಿ ಪಕ್ಕದಲ್ಲಿ ಕೂತರು.

"ಮೇಷ್ಟ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ನಂದಲ್ಲ ಅಂತ ನಾನು ಅಂದಾಗ ನಿಮಗೆ ಗೊತ್ತಿತ್ತಲ್ವಾ?"

ಮೇಷ್ಟ್ರು ಬಕೆಟ್ಟು ಕೆಳಗಿಟ್ಟರು. "ಅನುಮಾನ ಇತ್ತು." ಒದ್ದೆ ಕೈ ಒರೆಸಿಕೊಂಡು, "ಹೂಂ, ಗೊತ್ತಿತ್ತು" ಎಂದರು.

"ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಿ ಅಂತ, ನನಗೇ ಕಿವಿ ಕೆಟ್ಟಿದೆ ಅಂದ್ಕೊಂಡೆ. ಹೊಳೆ ಬಂದು ಹೋದ್ಮೇಲೆ ನನ್ನ ಬದು ಎಲ್ಲಿತ್ತು ಅಂತ ನಂಗೆ ಗೊತ್ತಾಗಲ್ಲ. ಬಾವಿ ಕಟ್ಟೆ ಈ ಕಡೆ ಇತ್ತೋ ಆ ಕಡೆನೋ, ಅದೂ ಮರೆತುಹೋಗಿದೆ. ಕಿವಿ ಒಂದು ಉಳಿದಿತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಸಿಯ ಕಟ್ಟುಗಳನ್ನು ನೆರಳಿಗೆ ಸರಿಸುತ್ತ, ಬಿಸಿಲಿನ ಬಗ್ಗೆ ಹೇಳುವಂತೆ ಹೇಳಿದರು. "ಸರಿ, ಸ್ಟಾರ್ಟ್ ಮಾಡಿ."

ಮೇಷ್ಟ್ರು ಹ್ಯಾಂಡಲ್ ತಿರುಗಿಸಿದರು. ಎಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಪೈಪು ಎರಡು ಸಲ ಬಿಕ್ಕಿ, ಕಂದು ನೀರು ಕಕ್ಕಿ, ಆಮೇಲೆ ತಿಳಿಯಾಗಿ ಸುರಿಯತೊಡಗಿತು. ಬಿರುಕುಗಳೊಳಗೆ ನೀರು ಓಡಿಹೋಗುವುದನ್ನು ನೋಡಲು ಆಚೀಚೆ ಹೊಲದವರೆಲ್ಲ ಬಂದು ಸೇರಿದರು. ಕೆಲವರು ಕಾಲುವೆಯ ಆಚೆ ದಂಡೆಯಲ್ಲೇ ನಿಂತು ಕೈಬೀಸಿದರು. ಡ್ರೈವರಣ್ಣ ಎಂಜಿನ್ನಿನ ಸದ್ದನ್ನು ಮೀರಿಸಿ, "ಮೇಷ್ಟ್ರ ಕೈಗುಣ ನೋಡ್ರಪ್ಪಾ! ಇನ್ನು ಮುಂದೆ ನಮ್ಮ ಟೈಲರಮ್ಮನ ಕೈಗೆ ಮಾತ್ರ ಪೆನ್ನು ಕೊಡಬಾರದು!" ಎಂದು ಕೂಗಿದರು. ಎಲ್ಲರೂ ನಕ್ಕರು. ಒಳ್ಳೆಯ ಮನಸ್ಸಿನ ನಗೆಯೇ ಅದು, ಯಾರಲ್ಲೂ ಕೆಟ್ಟದ್ದಿರಲಿಲ್ಲ. ಟೈಲರಮ್ಮನೂ ನಕ್ಕಂತೆ ಮಾಡಿದರು. ಈ ಮಾತು ಇನ್ನು ಹತ್ತು ವರ್ಷ ಪ್ರತಿ ಮದುವೆಯಲ್ಲಿ, ಪ್ರತಿ ಬಸ್ಸಿನಲ್ಲಿ ಅವರನ್ನು ಹಿಂಬಾಲಿಸುತ್ತದೆ ಎಂಬುದು ಮೇಷ್ಟ್ರಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಾಗೆ ಕಂಡಾಗ ಅವರಿಗೆ ಯಾವ ಕುತೂಹಲವೂ ಉಳಿಯಲಿಲ್ಲ.

"ಅವರದ್ದಲ್ಲ ತಪ್ಪು" ಎಂದರು. ಯಾರಿಗೂ ಕೇಳಿಸಲಿಲ್ಲ. "ನಾನೇ" ಎಂದು ಕೂಗಿದರು. ಟೋಪಿಯವನು ಕಿವಿಗೆ ಕೈ ಅಡ್ಡ ಹಿಡಿದು, ಏನು ಎಂಬಂತೆ ತಲೆಯಾಡಿಸಿ, ಮತ್ತೆ ನೀರಿನ ಕಡೆ ತಿರುಗಿದ. ಹೇಳಿದೆನಲ್ಲ, ಕೇಳಿಸದಿದ್ದರೆ ನಾನೇನು ಮಾಡಲಿ ಎಂದುಕೊಳ್ಳುವ ಅವಕಾಶ ಎಷ್ಟು ಹತ್ತಿರದಲ್ಲಿ, ಎಷ್ಟು ಸಲೀಸಾಗಿ ನಿಂತಿತ್ತು! ಮೇಷ್ಟ್ರು ಬಗ್ಗಿ ಎಂಜಿನ್ನನ್ನು ನಿಲ್ಲಿಸುವ ಸನ್ನೆಕೋಲನ್ನು ಎಳೆದುಬಿಟ್ಟರು.

ಫ್ಲೈವೀಲು ತಿರುಗಿ ತಿರುಗಿ ನಿಂತಿತು. ಪೈಪಿನ ನೀರು ಸಣ್ಣಗಾಗಿ, ಹನಿಯಾಗಿ, ನಿಂತುಹೋಯಿತು. ಎಲ್ಲರ ಮುಖದ ಬಣ್ಣ ಇಳಿಯಿತು. ಹೊಲದೊಡತಿ ಕೈಯಲ್ಲಿದ್ದ ಸಸಿಯ ಕಟ್ಟನ್ನು ಎದೆಗೆ ಒತ್ತಿಕೊಂಡು, "ಏನಾಯ್ತು?" ಎಂದರು.

"ಏನೂ ಆಗಿಲ್ಲ. ಕೆಟ್ಟಿಲ್ಲ. ನಾನೇ ನಿಲ್ಲಿಸಿದೆ." ಮೇಷ್ಟ್ರು ಎದ್ದು ನಿಂತರು. "ಟೈಲರಮ್ಮ ನಂಬರನ್ನ ದಾರದಲ್ಲಿ ಹೊಲೀತೀನಿ ಅಂದಿದ್ರು. ಹೊಲಿದಿದ್ರೆ ಒಂದೂ ಅಳಿಸ್ತಿರಲಿಲ್ಲ. ನಾನು ನಕ್ಕೆ. ಪೆನ್ನಲ್ಲಿ ಗೀಚಿ ಅಂದೋನು ನಾನು, ಸೀಮೆಎಣ್ಣೆಗೆ ಹಾಕಿದೋನೂ ನಾನು. ಆಮೇಲೆ ಅವರು ಬಂದು ಕೇಳಿದಾಗ ಸುಳ್ಳು ಹೇಳಿದೆ. ಬೆಳಿಗ್ಗೆ ನೀವೆಲ್ಲ ಅವರ ಕಡೆ ನೋಡಿದಾಗ ಸುಮ್ಮನಿದ್ದೆ."

ಹೊಲದೊಡತಿ ಪೈಪಿನ ಬಾಯನ್ನೂ ಬಿಸಿಲನ್ನೂ ಒಮ್ಮೆ ನೋಡಿ, "ಹೇಳಿ ಆಯ್ತಲ್ಲ ಮೇಷ್ಟ್ರೇ? ಸಸಿ ಬಾಡುತ್ತೆ" ಎಂದು ಹ್ಯಾಂಡಲ್ಲಿಗೆ ಕೈಹಾಕಿದರು.

"ಒಂದು ನಿಮಿಷ ತಾಳಿ ಅಕ್ಕಾ" ಎಂದು ದಂಡೆಯ ಮೇಲಿಂದ ಟೈಲರಮ್ಮನ ದನಿ ಬಂತು. ಅವರು ಚೀಲಗಳ ಬಳಿ ನೆಟ್ಟಗೆ ನಿಂತಿದ್ದರು. ಬೆಳಿಗ್ಗೆ ಕೆಳಗಾಗಿದ್ದ ಮುಖ ಈಗ ಮೇಲೆದ್ದಿತ್ತು. "ಇನ್ನೊಂದ್ಸಲ ಜೋರಾಗಿ ಹೇಳಿ ಮೇಷ್ಟ್ರೇ. ಕಾಲುವೆ ಆಚೆ ಇರೋರಿಗೆ ಕೇಳಿಸ್ಲಿಲ್ಲ."

ಹೊಲದೊಡತಿ ಹ್ಯಾಂಡಲ್ಲಿನಿಂದ ಕೈ ತೆಗೆದರು. ಮೇಷ್ಟ್ರು ಕಾಲುವೆಯ ಕಡೆಗೆ ತಿರುಗಿ, ಮೊದಲಿನಿಂದ ಶುರುಮಾಡಿದರು.